ಒದ್ದೆ ಸಿಮೆಂಟಿನಲ್ಲಿ ಓಲಾಡಿದ ಚಕ್ರ

"ಉಸಿರು ಬಿಗಿ ಹಿಡೀರಿ ಭಾವ. ನೀವು ಬುಸ್ ಬುಸ್ ಅನ್ನೋದಕ್ಕೇ ಚಕ್ರ ತಿರುಗ್ತಾ ಇದೆ" ಎಂದಳು ನಾದಿನಿ.

ಪತ್ತೇದಾರ ಉಸಿರು ಬಿಗಿಹಿಡಿದ. ಹೆಂಡತಿಯ ತಂಗಿ ಹೇಳಿದ ಮೇಲೆ ಮುಗಿಯಿತು, ಅದರಲ್ಲೂ ಕೈಯಲ್ಲಿ ಸ್ಪ್ಯಾನರ್ ಹಿಡಿದು ಹೇಳಿದ ಮೇಲೆ ಎದುರು ಮಾತಿಲ್ಲ.

ಅವನ ಮೋಟಾರ್ ಸೈಕಲ್ಲಿನ ಮುಂದಿನ ಚಕ್ರ ಹೊಸ ಟೈರು ತೊಟ್ಟುಕೊಂಡು, ಎರಡು ಕಬ್ಬಿಣದ ಕಾಲುಗಳ ನಡುವೆ ಆಕ್ಸಲ್ಲಿನ ಮೇಲೆ ಮದುಮಗನ ಹಾಗೆ ಕೂತಿತ್ತು. ನಾದಿನಿ ಬೆರಳ ತುದಿಯಿಂದ ಮೆಲ್ಲಗೆ ತಳ್ಳಿದಳು. ಚಕ್ರ ತಿರುಗಿ, ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ತೂಗಿ ನಿಂತಿತು. ಭಾರ ಜಾಸ್ತಿಯಿರುವ ಕಡೆ ತಾನಾಗಿಯೇ ಕೆಳಗೆ ಬರುತ್ತದೆ. ಅದರ ನೇರ ಎದುರಿಗೆ, ಮೇಲುಗಡೆ, ಅವಳು ರಿಮ್ಮಿಗೆ ಒಂದು ಸೀಸದ ಬಿಲ್ಲೆ ಅಂಟಿಸಿದಳು. ಮತ್ತೆ ತಳ್ಳಿದಳು. ಈ ಸಲ ಎಲ್ಲಿ ಬಿಟ್ಟರೆ ಅಲ್ಲೇ ನಿಂತಿತು.

"ಇಲ್ಲಿ ನೋಡಿ" ಎಂದು ಟೈರಿನ ಪಕ್ಕದಲ್ಲಿ, ರಿಮ್ಮಿಗೆ ಹತ್ತಿರ ಅಚ್ಚಾಗಿದ್ದ ತೆಳುವಾದ ಗೆರೆಯನ್ನು ತೋರಿಸಿದಳು. "ಈ ಗೆರೆ ಸುತ್ತಲೂ ರಿಮ್ಮಿನಿಂದ ಒಂದೇ ದೂರ ಇರ್ಬೇಕು. ಒಂದು ಕಡೆ ಕಂಡು ಇನ್ನೊಂದು ಕಡೆ ಒಳಗೆ ಮುಳುಗಿದ್ರೆ ಟೈರ್ ಸೊಟ್ಟಗೆ ಕೂತಿದೆ ಅಂತ ಲೆಕ್ಕ. ಇನ್ನು ನಿಮ್ಮ ಗಾಡಿ ತಲೆ ಅಲ್ಲಾಡಿಸಲ್ಲ. ನಿಮ್ಮ ತಲೆಗೆ ಮಾತ್ರ ನಾನು ಜವಾಬ್ದಾರಳಲ್ಲ."

"ಸೀಸದ ಬಿಲ್ಲೆಯಂತೆ, ಗೆರೆಯಂತೆ" ಎಂದರು ಮೂಲೆಯಲ್ಲಿ ಪೇರಿಸಿದ ಟೈರುಗಳ ಮೇಲೆ ಕೂತಿದ್ದ ಮಾವನವರು. "ನಮ್ಮ ಕಾಲದಲ್ಲಿ ಓಡಿಸೋನ ಹೊಟ್ಟೆಯೇ ಎಲ್ಲಾ ಬ್ಯಾಲೆನ್ಸ್ ಮಾಡ್ತಿತ್ತು. ಟೈರ್ ಹಾಕಿ ಎರಡು ತಟ್ಟಿದ್ರೆ ಮುಗೀತು."

ಈ ಟೈರಿನ ಅಂಗಡಿ ಹಾಕಿದವರೇ ಅವರು. ಕಣ್ಣು ಮಂಜಾದ ಮೇಲೆ ಚಿಕ್ಕ ಮಗಳು ಅಂಗಡಿಯನ್ನೂ ಸ್ಪ್ಯಾನರುಗಳನ್ನೂ ತನ್ನ ಕೈಗೆ ತೆಗೆದುಕೊಂಡು, ಅಪ್ಪನಿಗೆ ಟೈರಿನ ಸಿಂಹಾಸನವನ್ನೂ ಬಾಯಿಯನ್ನೂ ಬಿಟ್ಟುಕೊಟ್ಟಿದ್ದಳು. ಅವಳು ಊಟಕ್ಕೆ ಹೋದಾಗ ಮಾತ್ರ ಅವರು ಅಂಗಡಿ ಕಾಯುತ್ತಿದ್ದರು. ಆಗಲೂ ಯಾವ ಸಾಮಾನನ್ನೂ ಮುಟ್ಟಬಾರದು ಎಂದು ಅವಳ ಅಪ್ಪಣೆಯಾಗಿತ್ತು.

ಅಷ್ಟರಲ್ಲಿ ಬೆಂಚಿನ ಮೇಲಿದ್ದ ಫೋನು ಹೊಡೆದುಕೊಂಡಿತು. ನಾದಿನಿಯ ಕೈ ಯಾವತ್ತೂ ಕಪ್ಪು. ಹಾಗಾಗಿ ಆ ಅಂಗಡಿಯಲ್ಲಿ ಫೋನು ಎತ್ತುವುದು ಮೊಣಕೈಯಿಂದ, ಮಾತು ಕೇಳುವುದು ಸ್ಪೀಕರಿನಲ್ಲಿ. ಗುಟ್ಟಿನ ಮಾತಿದ್ದವರು ಆ ನಂಬರಿಗೆ ಫೋನು ಮಾಡದಿರುವುದೇ ಕ್ಷೇಮ.

"ಆಯ್ತೇನೇ ಚಕ್ರ?" ಪತ್ತೇದಾರನ ಹೆಂಡತಿಯ ದನಿ ಅಂಗಡಿಯೆಲ್ಲ ತುಂಬಿತು. "ಆದ ಕೂಡ್ಲೇ ಅವರನ್ನ ಮನೆಗೆ ಕಳಿಸು. ಅಲ್ಲಿ ಇಲ್ಲಿ ಪತ್ತೇದಾರಿ ಮಾಡ್ತಾ ನಿಲ್ಲೋದು ಬೇಡ ಅಂತ ಹೇಳು."

ಪತ್ತೇದಾರನಿಗೆ ಎದೆ ತುಂಬಿ ಬಂತು. ಆ ಹಾಳು ಚಕ್ರ ಎಷ್ಟು ತಿಂಗಳಿಂದ ಅಲ್ಲಾಡುತ್ತಿತ್ತೋ, ಅವನೂ ಅಷ್ಟೇ ತಿಂಗಳಿಂದ ನಾಳೆ ನಾಳೆ ಅನ್ನುತ್ತಿದ್ದ. ಬೆಳಿಗ್ಗೆ ಅವಳೇ ಪಟ್ಟು ಹಿಡಿದು ಕಳಿಸಿದ್ದಳು. ಪಾಪ, ಎರಡು ದಿನದಿಂದ ಅವಳಿಗೇ ಎರಡೂ ಮುಂಗೈ ನೋವು, ಬಟ್ಟೆ ಹಿಂಡುವ ಕೆಲಸ ಇವನ ಪಾಲಿಗೆ ಬಂದಿದೆ. ತನ್ನ ನೋವು ಬದಿಗಿಟ್ಟು ಗಂಡನ ಗಾಡಿಯ ಚಿಂತೆ ಮಾಡುವ ಹೆಂಡತಿ ಎಷ್ಟು ಜನಕ್ಕೆ ಸಿಗುತ್ತಾಳೆ ಅಂದುಕೊಂಡ.

"ಒಳ್ಳೆ ಕೆಲಸಕ್ಕೆ ಅಡ್ಡಿ ಬಂದೆನಾ?"

ಬಾಗಿಲಲ್ಲಿ ಇನ್‌ಸ್ಪೆಕ್ಟರು ನಿಂತಿದ್ದರು. ಹೆಲ್ಮೆಟ್ಟು ಕಂಕುಳಲ್ಲಿ, ನಗು ಮೀಸೆಯ ಕೆಳಗೆ.

"ಬನ್ನಿ ಸಾರ್" ಎಂದ ಪತ್ತೇದಾರ. "ಕ್ಯಾಮೆರಾ ಕಳ್ಳ ಸಿಕ್ಕನಾ?"

ಫೋಟೋ ಸ್ಟುಡಿಯೋದವರ ಅಜ್ಜನ ಕಾಲದ, ದೊಡ್ಡ ಗಾಜಿನ ಲೆನ್ಸಿನ ಮರದ ಕ್ಯಾಮೆರಾ ಮೊನ್ನೆ ಮುಂಜಾನೆ ಮಾಯವಾಗಿತ್ತು. ಉಳಿದದ್ದು ಸ್ಟುಡಿಯೋ ಮುಂದೆ ಹೊಸದಾಗಿ ಬಳಿದ ಸಿಮೆಂಟಿನ ಮೇಲೆ ಹಾವು ಹರಿದಂತಿದ್ದ ಒಂದು ಟೈರಿನ ಜಾಡು. ಅದನ್ನು ಕಂಡ ಕೂಡಲೇ ನಮ್ಮ ಪತ್ತೇದಾರ ನೆರೆದ ಜನರ ಮುಂದೆ ಕೈಯೆತ್ತಿ, "ಯಾರ ಗಾಡಿಯ ಮುಂದಿನ ಚಕ್ರ ಅಲ್ಲಾಡುತ್ತದೋ ಅವನೇ ಕಳ್ಳ" ಎಂದು ಸಾರಿಬಿಟ್ಟಿದ್ದ. ಜನ ಚಪ್ಪಾಳೆ ತಟ್ಟಿದ್ದರು. ಸ್ಟುಡಿಯೋದವರು ಅಲ್ಲೇ ಕೇಸನ್ನು ಅವನಿಗೆ ಒಪ್ಪಿಸಿದ್ದರು.

"ನಿಮ್ಮ ಮಾತು ನಂಗೆ ಬಹಳ ಹಿಡಿಸ್ತು ಪತ್ತೇದಾರ್ರೇ" ಎಂದರು ಇನ್‌ಸ್ಪೆಕ್ಟರು. "ಅದಕ್ಕೇ ಊರೆಲ್ಲ ವಿಚಾರಿಸಿದೆ. ಚಕ್ರ ಅಲ್ಲಾಡೋ ಗಾಡಿ ಯಾರದು ಅಂದ್ರೆ ತರಕಾರಿಯವಳಿಂದ ಹಿಡಿದು ಅಂಚೆಯವನ ತನಕ ಎಲ್ಲರದ್ದೂ ಒಂದೇ ಉತ್ತರ."

"ಯಾರಂತೆ?" ಪತ್ತೇದಾರ ಆಸೆಯಿಂದ ಕೇಳಿದ.

"ನೀವಂತೆ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಮ್ಮ ಪತ್ತೇದಾರ ಹೆಗಲು ಮುಟ್ಟಲಿಲ್ಲ, ಎರಡೂ ಕೈಯಲ್ಲಿ ಚಕ್ರವನ್ನು ಅಪ್ಪಿಕೊಂಡ. ಅದು ಇನ್ನೂ ಕೆಟ್ಟದಾಗಿ ಕಂಡಿತು.

"ಇಲ್ಲಿ ಬಂದು ನೋಡಿದ್ರೆ ಆ ಚಕ್ರವನ್ನೇ ಸರಿ ಮಾಡಿಸಿಕೊಳ್ತಾ ಇದ್ದೀರಿ" ಎಂದರು ಇನ್‌ಸ್ಪೆಕ್ಟರು. "ನಮ್ಮ ಭಾಷೇಲಿ ಇದಕ್ಕೆ ಸಾಕ್ಷಿ ನಾಶ ಅಂತಾರೆ."

"ಅಯ್ಯೋ ಸಾರ್, ನನ್ನ ಹೆಂಡತಿ ಕಳಿಸಿದ್ದು."

"ಎಲ್ಲಾ ಗಂಡಸರೂ ಸ್ಟೇಷನ್ನಿನಲ್ಲಿ ಹಾಗೇ ಹೇಳೋದು."

ಪತ್ತೇದಾರ ತಾನು ತೋಡಿದ ಹಳ್ಳಕ್ಕೆ ತಾನೇ ಬಿದ್ದಿದ್ದ, ಅದೂ ಜನರ ಚಪ್ಪಾಳೆಯ ನಡುವೆ. ಮೊಕದ್ದಮೆ ಹಾಗಿರಲಿ, ಕಳ್ಳತನದ ಹೆಸರು ಅಂಟಿದ ಪತ್ತೇದಾರನ ಮನೆ ಬಾಗಿಲಿಗೆ ಇನ್ನು ಯಾರು ಬರುತ್ತಾರೆ? ಕಳೆದುಹೋದ ಬೆಕ್ಕು ಹುಡುಕಿಕೊಡಿ ಅಂತಲೂ ಬರುವುದಿಲ್ಲ. ಬಾಗಿಲ ಮೇಲಿನ ಬೋರ್ಡು ಇಳಿಸಿ ಒಲೆಗೆ ಹಾಕುವುದೊಂದೇ ಬಾಕಿ. ಅವನಿಗೆ ನಿಜವಾಗಿಯೂ ಹೆದರಿಕೆಯಾಯಿತು.

ಕೈ ಒರೆಸಿಕೊಳ್ಳುತ್ತಾ ನಾದಿನಿ ನಡುವೆ ಬಂದು ನಿಂತಳು. "ಸುಮ್ಮನೆ ಯಾಕೆ ಹೆದರಿಸ್ತೀರಾ ಇನ್‌ಸ್ಪೆಕ್ಟ್ರೇ? ಭಾವನ ಗಾಡಿಯಿಂದ ಬಿಚ್ಚಿದ ಹಳೇ ಟೈರ್ ಹಿತ್ತಲಲ್ಲಿ ಬಿದ್ದಿದೆ. ನಿಮ್ಮ ಹತ್ರ ಜಾಡಿನ ಫೋಟೋ ಇದೆಯಲ್ಲ, ಎರಡನ್ನೂ ಪಕ್ಕದಲ್ಲಿಟ್ಟು ನೋಡಿ. ಬನ್ನಿ ಭಾವ, ಹುಡುಕೋಣ."

ಹಿತ್ತಲಲ್ಲಿ ಹಳೇ ಟೈರುಗಳ ಗುಡ್ಡವೇ ಇತ್ತು.

"ನಿಮ್ಮದು ಯಾವುದು ಭಾವ?"

"ಕಪ್ಪಗಿತ್ತು."

ನಾದಿನಿ ಅವನನ್ನು ಒಂದು ಸಲ ನೋಡಿ ಗುಡ್ಡ ಹತ್ತಿದಳು. ಪತ್ತೇದಾರ ಕಾಯುತ್ತಾ, ಪಕ್ಕದಲ್ಲಿ ಟಾರ್ಪಾಲು ಹೊದ್ದು ನಿಂತಿದ್ದ ಯಾವುದಕ್ಕೋ ಒರಗಿದ. ಟಾರ್ಪಾಲು ಜಾರಿತು.

ಮಾವನವರ ಹಳೇ ಮೋಟಾರ್ ಸೈಕಲ್ಲು. ಕಣ್ಣು ಮಂಜಾದ ಮೇಲೆ ಇನ್ನು ಓಡಿಸಕೂಡದು ಎಂದು ಇಬ್ಬರು ಹೆಣ್ಣುಮಕ್ಕಳೂ ಸೇರಿ ತಾಕೀತು ಮಾಡಿ, ಕೀಲಿ ಕಿತ್ತುಕೊಂಡಿದ್ದರು. ದೂಳು ಕೂತ ಗಾಡಿ, ತುಕ್ಕು ತಿಂದ ಹ್ಯಾಂಡಲ್ಲು. ಆದರೆ ಮುಂದಿನ ಟೈರು ಮಾತ್ರ ಹೊಚ್ಚ ಹೊಸದು. ಅಚ್ಚಿನಿಂದ ಬಂದ ಕೂದಲಿನಂಥ ರಬ್ಬರು ಎಳೆಗಳು ಇನ್ನೂ ಉದುರಿರಲಿಲ್ಲ.

ಪತ್ತೇದಾರ ಕುಕ್ಕರಗಾಲಲ್ಲಿ ಕೂತು ನೋಡಿದ. ಟೈರಿನ ಗೀರುಗಳ ಸಂದಿಯಲ್ಲಿ ಬೂದಿ ಬಣ್ಣದ ಸಿಮೆಂಟು ಒಣಗಿ ಕೂತಿತ್ತು. ರಿಮ್ಮಿನಲ್ಲಿ ಒಂದು ಸೀಸದ ಬಿಲ್ಲೆಯೂ ಇರಲಿಲ್ಲ. ನಾದಿನಿ ತೋರಿಸಿದ ಆ ಗೆರೆ ಒಂದು ಕಡೆ ಬೆರಳಗಲ ಹೊರಗೆ ಕಾಣುತ್ತಿತ್ತು, ಇನ್ನೊಂದು ಕಡೆ ಪೂರ್ತಿ ಒಳಗೆ ಮುಳುಗಿತ್ತು. ಟೈರ್ ಹಾಕಿ ಎರಡು ತಟ್ಟಿದ್ರೆ ಮುಗೀತು, ಎಂದ ದನಿ ಅವನ ಕಿವಿಯಲ್ಲಿ ಮತ್ತೊಮ್ಮೆ ಕೇಳಿಸಿತು.

ಮಾವನೇ! ಕೀಲಿ ದೊಡ್ಡ ಮಗಳ ಹತ್ತಿರ, ಅಂದರೆ ತನ್ನ ಹೆಂಡತಿಯ ಹತ್ತಿರವಿತ್ತು. ಮುದುಕ ಗುಟ್ಟಾಗಿ ಇನ್ನೊಂದು ಕೀಲಿ ಮಾಡಿಸಿಕೊಂಡಿರಬೇಕು ಅಂದುಕೊಂಡ.

"ಸಿಕ್ತು" ಎಂದು ಗುಡ್ಡದ ಮೇಲಿಂದ ನಾದಿನಿ ಕೂಗಿದಳು. ಪತ್ತೇದಾರ ಟಾರ್ಪಾಲನ್ನು ಗಡಿಬಿಡಿಯಲ್ಲಿ ಎಳೆದು ಮುಚ್ಚಿದ.

ಒಳಗೆ ಇನ್‌ಸ್ಪೆಕ್ಟರು ಹಳೇ ಟೈರನ್ನು ಕಾಲಿನ ಹತ್ತಿರ ಇಟ್ಟುಕೊಂಡು ಫೋನಿನಲ್ಲಿದ್ದ ಫೋಟೋವನ್ನು ದೊಡ್ಡದು ಮಾಡಿದರು. ಅವರು ದಡ್ಡರಲ್ಲ. ಕಷ್ಟ ಬಂದದ್ದೇ ಅದರಿಂದ.

"ಇದು ಅಲೆ ಅಲೆಯಾಗಿ ಸವೆದಿದೆ" ಎಂದು ನಾದಿನಿ ಟೈರಿನ ಮೇಲೆ ಅವರ ಕೈಯನ್ನೇ ಸವರಿಸಿದಳು. "ಉಬ್ಬು ತಗ್ಗು ಗೊತ್ತಾಗ್ತಿದೆಯಲ್ಲ? ಅದಕ್ಕೇ ಹ್ಯಾಂಡಲ್ ನಡುಗ್ತಾ ಇದ್ದಿದ್ದು. ಗೀರು ಅನ್ನೋದೇ ಉಳಿದಿಲ್ಲ. ನಿಮ್ಮ ಫೋಟೋದಲ್ಲಿ ನೋಡಿ, ಒಂದೊಂದು ಗೀರೂ ಚಾಕುವಲ್ಲಿ ಕೊಯ್ದ ಹಾಗಿದೆ."

"ಅಂದ್ರೆ ಸಿಮೆಂಟ್ ಮೇಲೆ ಹೋಗಿದ್ದು ಹೊಸ ಟೈರು" ಎಂದರು ಇನ್‌ಸ್ಪೆಕ್ಟರು ನಿಧಾನವಾಗಿ. "ಹೊಸ ಟೈರು ಅಲ್ಲಾಡುತ್ತೇನಮ್ಮಾ?"

"ಸೊಟ್ಟಗೆ ಕೂರಿಸಿದ್ರೆ ನಿಧಾನಕ್ಕೆ ಹೋದ್ರೂ ಅಲ್ಲಾಡುತ್ತೆ. ಬ್ಯಾಲೆನ್ಸ್ ಮಾಡದೆ ಬಿಟ್ಟಿದ್ರೆ ಜೋರಾಗಿ ಹೋಗುವಾಗ ಕೈಯೇ ಕಿತ್ತು ಬರುತ್ತೆ. ಯಾವನೋ ಕೈಲಾಗದವನು ಹಾಕಿರೋದು. ಅಂಥವನ ಕೈಗೆ ಸ್ಪ್ಯಾನರ್ ಕೊಟ್ಟವರಿಗೆ ಮೊದಲು ಬುದ್ಧಿ ಹೇಳ್ಬೇಕು."

ಕೂತ ಟೈರನ್ನು ತಾಳಕ್ಕೆ ತಟ್ಟುತ್ತಿದ್ದ ಮಾವನವರ ಕೈ ನಿಂತಿತು. ತಲೆ ತಗ್ಗಿತು. ಜೀವಮಾನವೆಲ್ಲ ಊರಿನ ಚಕ್ರಗಳನ್ನು ನೆಟ್ಟಗೆ ಮಾಡಿದ ಮನುಷ್ಯ, ಸ್ವಂತ ಮಗಳ ಬಾಯಲ್ಲಿ ಕೈಲಾಗದವನು ಅನ್ನಿಸಿಕೊಂಡು ಕೂತಿದ್ದರು. ಅದನ್ನು ನೋಡಲಾರದೆ ಪತ್ತೇದಾರ ಮುಖ ತಿರುಗಿಸಿದ.

"ಹಿತ್ತಲಲ್ಲಿ ಟಾರ್ಪಾಲು ಹೊದಿಸಿದ ಗಾಡಿ ಇದೆಯಲ್ಲ, ಯಾರದು?" ಎಂದು ತೆರೆದಿದ್ದ ಹಿತ್ತಲ ಬಾಗಿಲಿನಾಚೆ ನೋಡುತ್ತಾ ಇನ್‌ಸ್ಪೆಕ್ಟರು ಕೇಳಿದರು.

"ನಮ್ಮಪ್ಪಂದು. ಅದು ಬೀದಿ ಕಂಡು ಎಷ್ಟೋ ಕಾಲವಾಯ್ತು."

"ಆದ್ರೂ ಒಂದು ಸಲ ನೋಡಿಬಿಡ್ತೀನಿ." ಅವರು ಹಿತ್ತಲ ಬಾಗಿಲ ಕಡೆ ಹೆಜ್ಜೆ ಹಾಕಿದರು.

ಅತ್ತ ದರಿ, ಇತ್ತ ಪುಲಿ. ಸುಮ್ಮನಿದ್ದರೆ ತಾನು ಉಳಿಯುತ್ತಾನೆ, ಬೋರ್ಡೂ ಉಳಿಯುತ್ತದೆ, ಮಾವ ಹೋಗುತ್ತಾರೆ. ಇದೇ ಮಾವ ಮದುವೆಯಾದಂದಿನಿಂದ ತನ್ನನ್ನು ಮೊಳೆ ಹೊಡೆಯಲೂ ಬಾರದ ಅಳಿಯ ಎಂದು ಬಂದವರೆದುರೆಲ್ಲ ಆಡಿಕೊಂಡವರು. ಹೋಗಲಿ ಬಿಡು ಅಂದುಕೊಳ್ಳಬೇಕು ಎಂದು ಪತ್ತೇದಾರ ತೀರ್ಮಾನಿಸಿದ. ಬಾಯಿ ಮಾತ್ರ ಬೇರೆ ತೀರ್ಮಾನ ಮಾಡಿತು.

"ನಿಲ್ಲಿ ಸಾರ್. ಸಿಮೆಂಟ್ ಮೇಲೆ ಹೋದ ಆ ಹೊಸ ಟೈರನ್ನ ನನ್ನ ಗಾಡಿಗೆ ಹಾಕಿದ್ದು ನಾನೇ."

ಇನ್‌ಸ್ಪೆಕ್ಟರು ನಿಂತರು.

"ಮನೇಲಿ ನಾನೇ ಹಾಕಿಕೊಂಡೆ. ಸರಿ ಹೋಗ್ಲಿಲ್ಲ. ತೆಗೆದುಬಿಟ್ಟು ಹಳೇದನ್ನೇ ಮತ್ತೆ ಹಾಕಿದೆ."

ನಾದಿನಿ ಬೆಂಚು ಹಿಡಿದುಕೊಂಡು ನಗಲು ಶುರುಮಾಡಿದಳು.

"ಭಾವನಾ? ಟೈರಾ? ಉಪ್ಪಿನಕಾಯಿ ಬಾಟಲಿ ಮುಚ್ಚಳ ತೆಗೆಯೋಕೂ ನಮ್ಮಕ್ಕನ್ನ ಕರೀತಾರೆ ಇನ್‌ಸ್ಪೆಕ್ಟ್ರೇ. ಇವರ ಮಾತು ಕೇಳಬೇಡಿ."

"ತಪ್ಪು ಒಪ್ಪಿಕೊಂಡೋರ ಮಾತು ಕೇಳದೆ ಇರೋಕಾಗುತ್ತೇನಮ್ಮಾ?" ಇನ್‌ಸ್ಪೆಕ್ಟರು ಸ್ಟೂಲು ಎಳೆದು ಕೂತರು. ಅವರ ಕಣ್ಣಲ್ಲಿ ನಾಟಕ ನೋಡಲು ಬಂದವರ ಸಂತೋಷವಿತ್ತು. "ಎಲ್ಲಿ, ಅಲ್ಲೊಂದು ಖಾಲಿ ರಿಮ್ ಇದೆ, ಇಲ್ಲೊಂದು ಟೈರಿದೆ, ಟ್ಯೂಬಿದೆ. ಹಾಕಿ ತೋರಿಸಿ ಪತ್ತೇದಾರ್ರೇ."

ಆಡಿದ ಮಾತು ನುಂಗುವಂತಿಲ್ಲ. ಪತ್ತೇದಾರ ತೋಳು ಮಡಿಸಿ ನೆಲದ ಮೇಲೆ ಕೂತ. ಕೂತದ್ದು ಸೋಪಿನ ನೀರಿನ ತಟ್ಟೆಯಲ್ಲಿ.

ಟೈರನ್ನು ರಿಮ್ಮಿಗೆ ಒತ್ತಿದ. ಅದು ಈ ಕಡೆ ಒಳಗೆ ಹೋದರೆ ಆ ಕಡೆ ಹೊರಗೆ ಬಂತು. ಆ ಕಡೆ ಒತ್ತಿದರೆ ಈ ಕಡೆ ಬಂತು. ಮಂಡಿಯಿಂದ ಅದುಮಿದ, ಹೊಟ್ಟೆಯಿಂದ ಅದುಮಿದ, ಕೊನೆಗೆ ಅದರ ಮೇಲೆ ಮಲಗಿಯೇಬಿಟ್ಟ. ಟೈರು ಕಳಚಲು ಹಾಕಲು ಬಳಸುವ ಕಬ್ಬಿಣದ ಪಟ್ಟಿಯನ್ನು ಸಂದಿಯಲ್ಲಿ ತೂರಿಸಿ ಮೀಟಿದ. ಪಟ್ಟಿ ಚಿಮ್ಮಿ ಹೋಗಿ ಗೋಡೆಯ ಗಡಿಯಾರಕ್ಕೆ ಬಡಿಯಿತು. ಗಡಿಯಾರ ನಿಂತಿತು.

"ಹೀಗೇ ಹಾಕಿದ್ರಾ ಮನೇಲಿ?"

"ಮನೇಲಿ ಜಾಗ ಜಾಸ್ತಿ ಇತ್ತು ಸಾರ್."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಪತ್ತೇದಾರ ಇನ್ನೊಂದು ಪಟ್ಟಿ ತೆಗೆದುಕೊಂಡು, ಇದ್ದ ಬಲವನ್ನೆಲ್ಲ ಹಾಕಿ, ಕಣ್ಣು ಮುಚ್ಚಿ ಮೀಟಿದ. ಟಪ್ ಎಂದಿತು. ಟೈರು ಒಳಗೆ ಹೋಗಿ ಕೂತಿತ್ತು. ಗೆದ್ದೆ ಅಂದುಕೊಂಡು ಎದ್ದು ನಿಂತ. ಚಕ್ರವೂ ಅವನ ಜೊತೆಗೇ ಎದ್ದಿತು. ಅಂಗಿಯ ಚುಂಗು ಟೈರಿಗೂ ರಿಮ್ಮಿಗೂ ನಡುವೆ ಸಿಕ್ಕಿಕೊಂಡಿತ್ತು. ಟ್ಯೂಬು ನೆಲದ ಮೇಲೆ ಹಾಗೇ ಬಿದ್ದಿತ್ತು. ಅದನ್ನು ಒಳಗೆ ಹಾಕುವುದನ್ನೇ ಮರೆತಿದ್ದ.

ಇನ್‌ಸ್ಪೆಕ್ಟರು ಕಣ್ಣು ಒರೆಸಿಕೊಂಡರು. "ಕಳ್ಳನಾಗೋಕೂ ಒಂದು ಯೋಗ್ಯತೆ ಬೇಕು ಪತ್ತೇದಾರ್ರೇ. ನಿಮಗಿಲ್ಲ. ಟೈರ್ ಹಾಕಿದ್ದು ನೀವಲ್ಲ."

ಪತ್ತೇದಾರ ಹೊಟ್ಟೆಯ ಮೇಲೆ ಚಕ್ರ ಹೊತ್ತು ನಿಂತಿದ್ದ. ಉಳಿದೆ ಎಂದು ಖುಷಿಪಡಬೇಕೋ, ಮಾನ ಹೋಯಿತು ಎಂದು ಅಳಬೇಕೋ ಗೊತ್ತಾಗಲಿಲ್ಲ.

ಇನ್‌ಸ್ಪೆಕ್ಟರ ನಗು ಅಷ್ಟಕ್ಕೇ ನಿಂತಿತು. "ಆದ್ರೆ ಸುಳ್ಳು ಹೇಳಿದ್ರಿ. ಯಾರನ್ನೋ ಕಾಪಾಡೋಕೆ ಹೇಳಿದ್ರಿ. ಸಂಜೆಯೊಳಗೆ ಆ ಹೆಸರು ನನಗೆ ಬೇಕು. ಇಲ್ಲಾಂದ್ರೆ ಕಳ್ಳನಿಗೆ ಸಹಾಯ ಮಾಡಿದ್ರಿ ಅಂತ ನಿಮ್ಮನ್ನೇ ಕರ್ಕೊಂಡು ಹೋಗಿ, ನಿಮ್ಮ ಬೋರ್ಡು ನಾನೇ ಇಳಿಸ್ತೀನಿ." ಬಾಗಿಲ ಕಡೆ ತಿರುಗಿದರು. "ಹಿತ್ತಲ ಗಾಡಿಯನ್ನ ಸಂಜೆ ಬಂದಾಗ್ಲೇ ನೋಡ್ತೀನಿ. ಈಗ ನನ್ನ ಗಾಡಿಗೆ ಸ್ವಲ್ಪ ಗಾಳಿ ಹಾಕಿಕೊಡಮ್ಮಾ."

ಇಬ್ಬರೂ ಹೊರಗೆ ಹೋದರು. ಕಂಪ್ರೆಸರಿನ ಸದ್ದು ಶುರುವಾಯಿತು.

ಮಾವನವರು ಟೈರಿನ ಮೇಲಿಂದ ಇಳಿದು, ಕೈಯಿಂದ ಗಾಳಿಯಲ್ಲಿ ತಡವುತ್ತಾ ಅಳಿಯನ ಹತ್ತಿರ ಬಂದರು. ಪಟ್ಟಿಯನ್ನು ತೆಗೆದುಕೊಂಡು, ಕಣ್ಣಿನ ಹಂಗಿಲ್ಲದೆ ಬೆರಳಲ್ಲೇ ಸಂದಿ ಹುಡುಕಿ, ಅಂಗಿಯನ್ನು ಬಿಡಿಸಿದರು.

"ಯಾಕೆ ಹಾಗೆ ಹೇಳಿದ್ರಿ ಅಳಿಯಂದ್ರೇ?"

"ಹಿತ್ತಲ ಗಾಡಿ ನೋಡಿದೆ ಮಾವ. ಮಗಳೆದುರು ನಿಮ್ಮ ತಲೆ ತಗ್ಗೋದು ನನ್ನ ಕೈಲಿ ನೋಡೋಕಾಗ್ಲಿಲ್ಲ."

ಮಾವನವರ ಮಂಜು ಕಣ್ಣು ಒದ್ದೆಯಾಯಿತು. "ನಾನು ನಿಮ್ಮನ್ನ ದಂಡಪಿಂಡ ಅಂದುಕೊಂಡಿದ್ದೆ."

"ಗೊತ್ತಿತ್ತು ಮಾವ."

"ಟೈರಿನ ವಿಷಯದಲ್ಲಿ ಈಗಲೂ ಹಾಗೇ ಅಂದುಕೊಳ್ತೀನಿ. ಉಳಿದದ್ದಕ್ಕೆ ಮಾತು ವಾಪಸ್ ತಗೊಂಡೆ."

ಪತ್ತೇದಾರ ದನಿ ತಗ್ಗಿಸಿದ. "ಕ್ಯಾಮೆರಾ ಎಲ್ಲಿದೆ ಹೇಳಿ. ಸಂಜೆಯೊಳಗೆ ಸ್ಟುಡಿಯೋ ಬಾಗಿಲಲ್ಲಿ ಇಟ್ಟು ಬರೋಣ. ನಿಮ್ಮ ಹೆಸರು ಬರದ ಹಾಗೆ ನಾನು ನೋಡ್ಕೊಳ್ತೀನಿ."

"ನಂಗೆ ಹೇಗೆ ಗೊತ್ತು ಕ್ಯಾಮೆರಾ ಎಲ್ಲಿದೆ ಅಂತ?" ಮಾವನವರು ನಿಜವಾಗಿಯೂ ಬೆರಗಾದರು. "ಟೈರ್ ಹಾಕಿದ್ದು ನಾನು. ಚಿಕ್ಕವಳು ಊಟಕ್ಕೆ ಹೋದಾಗ ಹಾಕಿಕೊಟ್ಟೆ. ಗಾಡಿ ಓಡಿಸಿದ್ದು ನಾನಲ್ಲ. ಈ ಕಣ್ಣಿಟ್ಟುಕೊಂಡು ಬೀದಿಗಿಳಿದ್ರೆ ಸಿಮೆಂಟ್ ಮೇಲಲ್ಲ, ಸೀದಾ ಬಾವಿಗೇ ಹೋಗ್ತೀನಿ."

"ಮತ್ತೆ ಯಾರು ಓಡಿಸಿದ್ದು?"

ಮಾವನವರು ಬಾಗಿಲ ಕಡೆ ಕಿವಿಗೊಟ್ಟರು. ಕಂಪ್ರೆಸರು ಇನ್ನೂ ಓಡುತ್ತಿತ್ತು.

"ಬಾಯಿ ಬಿಡಲ್ಲ ಅಂತ ಮಾತು ಕೊಟ್ಟಿದ್ದೀನಿ" ಎಂದರು. "ಹೆಸರು ಹೇಳೋದಿಲ್ಲ. ಒಂದೇ ಒಂದು ಕೇಳ್ತೀನಿ. ನಮ್ಮ ದೊಡ್ಡವಳ ಮುಂಗೈ ನೋವು ಈಗ ಹೇಗಿದೆ?"

ಪತ್ತೇದಾರ ಒಂದೊಂದಾಗಿ ಲೆಕ್ಕ ಕೂಡಿಸಿದ. ಜೋರಾಗಿ ಹೋಗುವಾಗ ಕೈಯೇ ಕಿತ್ತು ಬರುವ ಹ್ಯಾಂಡಲ್ಲು. ಎರಡು ದಿನದ ಮುಂಗೈ ನೋವು. ಗಾಡಿಯ ಕೀಲಿ. ಊರಿನ ಕಳ್ಳರನ್ನೆಲ್ಲ ಹುಡುಕಿ ಹಿಡಿಯುವವನು ಎರಡು ದಿನದಿಂದ ಕಳ್ಳಿಯ ಬಟ್ಟೆ ಹಿಂಡುತ್ತಾ ಕೂತಿದ್ದ. ದೀಪದ ಬುಡದಲ್ಲೇ ಕತ್ತಲು ಅನ್ನುವುದು ಇದಕ್ಕೇ ಇರಬೇಕು. ಸಂಜೆಯೊಳಗೆ ಹೇಳಬೇಕಾದ ಆ ಹೆಸರನ್ನು ಅವನು ಮದುವೆಯಾಗಿದ್ದ.

ಯಾಕೆ? ಅವಳಿಗೆ ಆ ಹಳೇ ಕ್ಯಾಮೆರಾ ಯಾಕೆ?

ಹೊರಗೆ ಕಂಪ್ರೆಸರು ನಿಂತಿತು. ನಾದಿನಿ ಒಳಗೆ ಬಂದಳು. ಅವಳ ಹಿಂದೆ, ಹೊರಡಲು ಹೆಲ್ಮೆಟ್ಟು ಹಾಕಿಕೊಂಡಿದ್ದ ಇನ್‌ಸ್ಪೆಕ್ಟರು ಬಾಗಿಲಲ್ಲಿ ನಿಂತು, "ಸಂಜೆ ಮರೀಬೇಡಿ ಪತ್ತೇದಾರ್ರೇ" ಎಂದರು.

ಆಗ ಬೆಂಚಿನ ಮೇಲೆ ಫೋನು ಹೊಡೆದುಕೊಂಡಿತು.

"ಎತ್ತಬೇಡ" ಎಂದ ಪತ್ತೇದಾರ. ಆದರೆ 'ಎ' ಅನ್ನುವಷ್ಟರಲ್ಲಿ ನಾದಿನಿಯ ಮೊಣಕೈ ತನ್ನ ಕೆಲಸ ಮುಗಿಸಿತ್ತು.

"ಏನೇ, ಇನ್ನೂ ಕಳಿಸಿಲ್ವಾ ಅವರನ್ನ?" ಹೆಂಡತಿಯ ದನಿ ಅಂಗಡಿಯ ಮೂಲೆ ಮೂಲೆಗೂ ಸ್ಪಷ್ಟವಾಗಿ ಕೇಳಿಸಿತು. "ಗಾಡಿ ಈಗ ಒಂಚೂರೂ ಅಲ್ಲಾಡಲ್ಲ ತಾನೇ? ಗಾಜಿನ ಸಾಮಾನೊಂದು ಸಾಗಿಸಬೇಕು, ಅಪ್ಪನ ಗಾಡೀಲಿ ತಂದ ಹಾಗೆ ಕುಲುಕಿದ್ರೆ ಈ ಸಲ ಪುಡಿಯಾಗುತ್ತೆ. ಬರುವಾಗ ಒಂದು ಹಳೇ ಕಂಬಳಿ ತರೋಕೆ ಹೇಳು. ಹಾಂ, ಆ ಇನ್‌ಸ್ಪೆಕ್ಟರ್ ಕಣ್ಣಿಗೆ ಮಾತ್ರ ಬೀಳದ ಹಾಗೆ ಬರಬೇಕಂತೆ ಅನ್ನು."

ಬಾಗಿಲಲ್ಲಿ ಇನ್‌ಸ್ಪೆಕ್ಟರು ಹೆಲ್ಮೆಟ್ಟನ್ನು ನಿಧಾನವಾಗಿ ಮತ್ತೆ ತೆಗೆದರು.